ಮಸ್ಕತ್ತಿನ ಜುಲೈ, ಬೆಟ್ಟದ ಕಂಬಳಿ

ನಮ್ಮ ಓಣಿಯಲ್ಲಿ ಜುಲೈ ತಿಂಗಳ ಜಗಳಗಳೆಲ್ಲ ಏಸಿಯ ರಿಮೋಟಿನಿಂದಲೇ ಶುರುವಾಗುತ್ತವೆ. ಗಂಡನಿಗೆ ಚಳಿ ಬೇಕು, ಹೆಂಡತಿಗೆ ಕರೆಂಟು ಬಿಲ್ಲು ಇಳಿಯಬೇಕು, ಮಕ್ಕಳಿಗೆ ರಿಮೋಟೇ ಬೇಕು. ಈ ವರ್ಷ ಹಿಲಾಲನ ಮನೆಯಲ್ಲಿ ಮಾತ್ರ ಜಗಳವಿರಲಿಲ್ಲ. ಅವನ ಅತ್ತೆ ಝುವೈನಾ ಬಂದಿಳಿದ ದಿನವೇ ಬಾಣಂತಿ ಕೋಣೆಯ ರಿಮೋಟನ್ನು ತಮ್ಮ ಪೆಟ್ಟಿಗೆಯ ತಳಕ್ಕೆ ಸೇರಿಸಿ ಬೀಗ ಹಾಕಿದ್ದರು.

ಝುವೈನಾ ಜಬಲ್ ಅಖ್ದರ್ ಬೆಟ್ಟದ ಮೇಲಿನ ಹಳ್ಳಿಯವರು. ಅಲ್ಲಿ ಜುಲೈನಲ್ಲೂ ರಾತ್ರಿ ಹೊದಿಕೆ ಬೇಕು. ಮಸ್ಕತ್ತಿಗೆ ಅವರು ಬರುತ್ತಿದ್ದದ್ದು ಚಳಿಗಾಲದಲ್ಲಿ, ಯಾರದಾದರೂ ಮದುವೆಗೆ. ಈ ಸಲ ಮಗಳು ರಯ್ಯಾ ಚೊಚ್ಚಲ ಹೆಣ್ಣುಕೂಸನ್ನು ಹೆತ್ತಿದ್ದಳು. ನಲವತ್ತು ದಿನದ ಬಾಣಂತನಕ್ಕೆ ತಾಯಿಯಲ್ಲದೆ ಇನ್ಯಾರು ಬರಬೇಕು? ತುಪ್ಪದ ಡಬ್ಬ, ಜೇನು, ಮೆಂತ್ಯ, ಎರಡು ದಪ್ಪ ಕಂಬಳಿ, ಇಷ್ಟನ್ನೂ ಹೇರಿಕೊಂಡು ಬಂದರು. ಕಾರಿನಿಂದ ಇಳಿದವರು ಅಲ್ಲೇ ನಿಂತುಬಿಟ್ಟರು.

"ಯಾರ ಮನೇಲಪ್ಪಾ ಇದು, ತಂದೂರಿನ ಮುಚ್ಚಳ ತೆಗೆದಿಟ್ಟಿರೋದು?"

"ಇದು ಬೀದಿ, ಅತ್ತೆ," ಎಂದ ಹಿಲಾಲ್.

ಒಳಗೆ ಹೋಗಿ ಕೈ ತೊಳೆಯಲು ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬಂತು. ರಯ್ಯಾ ಮಲಗಿದ್ದಲ್ಲಿಂದಲೇ ಕೂಗಿ ಹೇಳಿದಳು: "ಅಮ್ಮ, ಬೇಸಿಗೇಲಿ ಬಿಸಿನೀರಿನ ನಲ್ಲಿ ತಿರುಗಿಸ್ಬೇಕು. ಹೀಟರ್ ಆರಿಸಿ ಇಟ್ಟಿರ್ತೀವಿ, ಅದು ಮನೆಯೊಳಗಿದೆ. ತಣ್ಣೀರಿನ ಟ್ಯಾಂಕು ತಾರಸಿ ಮೇಲಿದೆ."

"ಬಿಸಿನೀರು ತಣ್ಣಗೆ, ತಣ್ಣೀರು ಬಿಸಿ. ಇಂಥಾ ಊರಲ್ಲಿ ನೀನು ಹೆತ್ತು ಬದುಕಿದ್ದೇ ದೊಡ್ಡದು, ಮಗಳೇ."

ಊರು ತಲೆಕೆಳಗಾಗಿದೆ ಎಂದು ಇಷ್ಟು ಬೇಗ ಕಂಡುಕೊಂಡವರು ತಮ್ಮ ಬಾಣಂತನದ ಕ್ರಮವನ್ನು ಮಾತ್ರ ತಿರುಗಿಸಲಿಲ್ಲ. ಹಸಿಮೈಗೆ ಗಾಳಿ ಸೋಕಿದರೆ ಮುಪ್ಪಿನಲ್ಲಿ ಮೂಳೆ ನೋಯುತ್ತದೆ. ಇದು ಅವರ ಅಮ್ಮ ಹೇಳಿದ್ದು, ಅಜ್ಜಿಯೂ ಹೇಳಿದ್ದು. ಏಸಿ ಆರಿತು. ಕಿಟಕಿಗೆ ದಪ್ಪ ಪರದೆ ಬಿತ್ತು. ಬಾಗಿಲ ಕೆಳಗಿನ ಸಂದಿಗೆ ಟವೆಲ್ ತುರುಕಿದರು. ಕೂಸಿಗೆ ಟೋಪಿ ಹಾಕಿ, ಕೈಕಾಲು ಸೇರಿಸಿ ಬಟ್ಟೆಯಲ್ಲಿ ಬಿಗಿದು, ಮೇಲೆ ಕಂಬಳಿ ಸುತ್ತಿದರು. ಮೂಲೆಯಲ್ಲಿ ಲೋಬಾನದ ಕೆಂಡ ಇಟ್ಟರು.

"ಅಮ್ಮ, ಸ್ವಲ್ಪ ಹೊತ್ತಾದ್ರೂ ಏಸಿ ಹಾಕು. ತಲೆ ಸುತ್ತುತ್ತೆ."

"ಏಳು ಹೆತ್ತಿದೀನಿ ನಾನು. ನೀನು ಒಂದು."

ಲೆಕ್ಕ ಸರಿಯಾಗಿಯೇ ಇತ್ತು. ಹಿಲಾಲನಿಗೆ ಅತ್ತೆಯ ಮೇಲೆ ಅಪಾರ ಗೌರವ. ಆ ಗೌರವವನ್ನು ಅವನು ಗಂಡಸರ ಮಜ್ಲಿಸ್ ಕೋಣೆಯಲ್ಲಿ, ಅಲ್ಲಿನ ಏಸಿಯ ಕೆಳಗೆ ಮಲಗಿಕೊಂಡು ಪಾಲಿಸುತ್ತಿದ್ದ. ಕೂಸು ನೋಡಲು ಬಂದ ಹೆಂಗಸರು ಕಾಫಿ ಕುಡಿದು, ಖರ್ಜೂರ ತಿಂದು, ಮುಖ ಒರೆಸಿಕೊಳ್ಳುತ್ತ ಬೇಗ ಎದ್ದರು. ಬಂದ ಮನೆಯಲ್ಲಿ ಹಿರಿಯರಿಗೆ ಎದುರಾಡುವುದು ನಮ್ಮಲ್ಲಿ ಸಭ್ಯತೆಯಲ್ಲ. ಹೊರಗೆ ಹೋಗಿ ಮಾತ್ರ ಎಲ್ಲರೂ ಹೇಳಿದ್ದು ಒಂದೇ ಮಾತು: ಒಳಗೆ ಕೂರೋಕಾಗಲ್ಲ ಮಾರಾಯ್ತಿ.

ಕೂಸಿಗೆ ಮಝೂನ್ ಎಂದು ಹೆಸರಿಟ್ಟ ಮರುದಿನ, ಮಧ್ಯಾಹ್ನದ ನಮಾಜು ಮುಗಿದ ಹೊತ್ತಿಗೆ ಎದುರು ಮನೆಯ ನಸ್ರಾ ಬಂದಳು. ಅವಳು ಆರೋಗ್ಯ ಕೇಂದ್ರದಲ್ಲಿ ನರ್ಸು. ರಜೆಯಲ್ಲಿದ್ದ ಅವಳು ಬಂದದ್ದು ಬರೀ ಕೂಸು ನೋಡಲು. ಬಾಗಿಲು ತೆರೆಯುತ್ತಲೇ ಕನ್ನಡಕಕ್ಕೆ ಹಬೆ ಹತ್ತಿ ಅವಳಿಗೆ ಏನೂ ಕಾಣಲಿಲ್ಲ.

"ಸಲಾಂ ಖಾಲಾ," ಎಂದಳು, ಹಿರಿಯ ಹೆಂಗಸರನ್ನು ಕರೆಯುವ ಹಾಗೆ. "ಕೂಸು ಎಲ್ಲಿ?"

"ಮಲಗಿದಾಳೆ. ಬೆಳಗಿಂದ ಒಂದು ಸದ್ದಿಲ್ಲ. ಎಷ್ಟು ಗುಣವಂತೆ ಅಂತೀಯ, ಇವಳಮ್ಮ ಹುಟ್ಟಿದಾಗ ಅತ್ತು ಊರೇ ಎಬ್ಬಿಸ್ತಿದ್ಲು."

ನಸ್ರಾ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಳು. "ಗುಣವಂತರಾದ ಕೂಸುಗಳನ್ನ ಕಂಡ್ರೆ ನನಗೆ ಭಯ, ಖಾಲಾ. ರಯ್ಯಾ, ಹಾಲು ಯಾವಾಗ ಕುಡಿದ್ಲು?"

"ಬೆಳಗಿನ ಜಾವ. ಆಮೇಲೆ ಎಬ್ಬಿಸಿದ್ರೂ ಬಾಯಿ ತೆರೀಲಿಲ್ಲ."

"ಡೈಪರ್ ಒದ್ದೆ ಆಗಿದೆಯಾ?"

ರಯ್ಯಾ ತಾಯಿಯ ಮುಖ ನೋಡಿದಳು. ತಾಯಿ ಮಗಳ ಮುಖ ನೋಡಿದರು. ಇಬ್ಬರಿಗೂ ನೆನಪಾಗಲಿಲ್ಲ. ನಸ್ರಾ ಕಂಬಳಿಯೊಳಗೆ ಬೆರಳು ತೂರಿಸಿ ಕೂಸಿನ ಕತ್ತಿನ ಹಿಂದೆ ಮುಟ್ಟಿದಳು, ಕಂಬಳಿ ಬಿಚ್ಚತೊಡಗಿದಳು.

"ಏನ್ ಮಾಡ್ತಿದೀಯ? ಗಾಳಿ ಸೇರುತ್ತೆ," ಎಂದು ಝುವೈನಾ ಅವಳ ಕೈ ಹಿಡಿದರು.

"ನಿಮ್ಮ ಕೈ ಇಲ್ಲಿಡಿ, ಖಾಲಾ."

ಝುವೈನಾ ಮುಟ್ಟಿದರು. ಆಗ ತಾನೇ ಕಾದ ಕಲ್ಲಿನಿಂದೆತ್ತಿದ ರೊಟ್ಟಿಯ ಕಾವು. ಕೂಸಿನ ಮೈ ಕೆಂಪಾಗಿತ್ತು, ಪಕ್ಕೆ ಬೇಗ ಬೇಗ ಏರಿಳಿಯುತ್ತಿತ್ತು. ಅವರು ನಸ್ರಾಳ ಕೈ ಬಿಟ್ಟರು.

ರಯ್ಯಾ ಕೂಗಿದ್ದು ಕೇಳಿ ಹಿಲಾಲ್ ಓಡಿ ಬಂದು, ಕೂಸನ್ನೆತ್ತಿಕೊಂಡು ನೇರ ಕಾರಿಗೆ ಹೊರಟ. ನಸ್ರಾ ಬಾಗಿಲಿಗೆ ಅಡ್ಡ ನಿಂತಳು.

"ಬೆಳಗಿಂದ ಬಿಸಿಲಲ್ಲಿ ನಿಂತ ಕಾರು ಅದು. ಒಲೆಯಿಂದ ತೆಗೆದು ಇನ್ನೊಂದು ಒಲೇಲಿ ಇಡ್ತೀಯಾ? ನೀನು ಹೋಗಿ ಬಾಗಿಲು ತೆರೆದು ಏಸಿ ಹಾಕು. ಅಷ್ಟರಲ್ಲಿ ನಾವು ಮಜ್ಲಿಸ್‌ನಲ್ಲಿ ಮೈ ಒರೆಸ್ತೀವಿ. ಆಸ್ಪತ್ರೆಗೆ ಹೋಗಲೇಬೇಕು."

ತಂಪಾದ ಕೋಣೆಯಲ್ಲಿ ಕೂಸಿನ ಬಟ್ಟೆ ಬಿಚ್ಚಿ, ಹೀಟರಿನ ನಲ್ಲಿಯ ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿದರು. ಐಸು ಮುಟ್ಟಿಸಲಿಲ್ಲ. ಕಾರು ತಣ್ಣಗಾದ ಮೇಲೆ ನಸ್ರಾಳನ್ನೂ ಕೂರಿಸಿಕೊಂಡು ಎಲ್ಲರೂ ಹೊರಟರು. ದಾರಿಯುದ್ದಕ್ಕೂ ರಯ್ಯಾ ಮೊಲೆಗೆ ಹಚ್ಚಿ ನೋಡಿದಳು, ಮಝೂನ್ ಬಾಯಿ ತೆರೆಯಲಿಲ್ಲ.

ಆಸ್ಪತ್ರೆಯಲ್ಲಿ ಕೂಸನ್ನೂ ತಾಯಿಯನ್ನೂ ಒಳಗೆ ಕರೆದುಕೊಂಡರು. ಹಿಲಾಲ್ ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದ. ಅಲ್ಲಿ ನೋಡಲು ಪಾರ್ಕಿಂಗ್ ಬಿಟ್ಟು ಬೇರೇನೂ ಇರಲಿಲ್ಲ. ಝುವೈನಾ ಬೆಂಚಿನ ತುದಿಯಲ್ಲಿ ಕೂತಿದ್ದರು.

"ಏಳು ಮಕ್ಕಳನ್ನ ಹೀಗೇ ಸುತ್ತಿ ಸಾಕಿದೆ. ಒಂದಕ್ಕೂ ಏನೂ ಆಗ್ಲಿಲ್ಲ," ಎಂದರು, ಯಾರೂ ಕೇಳದಿದ್ದರೂ.

"ಬೆಟ್ಟದ ಮೇಲೆ," ಎಂದಳು ನಸ್ರಾ.

"ಹೂಂ. ಬೆಟ್ಟದ ಮೇಲೆ."

"ಅಲ್ಲಿ ಸುತ್ತದಿದ್ರೇ ತಪ್ಪಾಗ್ತಿತ್ತು. ನೀವು ಇಳಿದು ಬಂದ್ರಿ, ಖಾಲಾ, ಬೆಟ್ಟ ನಿಮ್ಮ ಜೊತೆ ಇಳೀಲಿಲ್ಲ. ನಮಗೆ ಸೆಕೆ ಆದ್ರೆ ಬೆವರ್ತೀವಿ, ಹೊದಿಕೆ ಒದೀತೀವಿ, ಯಾರನ್ನಾದ್ರೂ ಬೈತೀವಿ. ಹಸುಗೂಸಿಗೆ ಬೆವರೋಕೂ ಸರಿಯಾಗಿ ಬರಲ್ಲ. ಒದೆಯೋಣ ಅಂದ್ರೆ ಕಾಲು ಕಟ್ಟಿದೀವಿ. ಉಳಿದದ್ದು ಅಳು. ಕಾವು ತಲೆಗೇರಿದ್ರೆ ಅದೂ ನಿಲ್ಲುತ್ತೆ."

ಝುವೈನಾ ಕೂಸಿನ ಕತ್ತು ಮುಟ್ಟಿದ್ದ ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಕೇಳಿದರು: "ಹಾಗಾದ್ರೆ ಗಾಳಿ ಸೇರೋದು ಸುಳ್ಳಾ?"

"ಮುಖಕ್ಕೆ ನೇರ ಗಾಳಿ ಬಡೀಬಾರದು, ಅಷ್ಟೇ. ಏಸಿಯ ರೆಕ್ಕೆ ಮೇಲಕ್ಕೆ ತಿರುಗಿಸಿ. ಇಪ್ಪತ್ತೈದರ ಹತ್ತಿರ ಇಡಿ. ಕೂಸಿಗೆ ತೆಳು ಹತ್ತಿ ಬಟ್ಟೆ ಸಾಕು, ಮನೆಯೊಳಗೆ ಟೋಪಿ ಬೇಡ."

"ಲೋಬಾನ?"

"ಹಜಾರದಲ್ಲಿ ಹಾಕಿ, ಕಿಟಕಿ ತೆರೆದು. ಮುಚ್ಚಿದ ಕೋಣೇಲಿ ಕೆಂಡ ಇಟ್ರೆ ಉಸಿರೇ ಕಟ್ಟುತ್ತೆ."

"ಬಾಯಾರುತ್ತೆ ಅಂತ ಎರಡು ಚಮಚ ನೀರು ಕೊಡ್ಬಹುದಾ?"

"ಆರು ತಿಂಗಳ ತನಕ ಹನಿ ನೀರೂ ಬೇಡ. ಹಾಲಲ್ಲೇ ನೀರಿದೆ, ಮತ್ತೆ ಮತ್ತೆ ಕುಡಿಸಿ. ನೀರು ಬೇಕಾಗಿರೋದು ರಯ್ಯಾಗೆ. ನೀವು ಅವಳಿಗೆ ತುಪ್ಪ ಕುಡಿಸ್ತಿದೀರಿ."

ಡಾಕ್ಟರು ಹೊರಗೆ ಬಂದರು. ಮೈಕಾವು ಸ್ವಲ್ಪ ಇಳಿದಿದೆ, ಮೈಯ ನೀರು ಒಣಗಿದೆ, ಇಷ್ಟು ಚಿಕ್ಕ ಕೂಸಿನ ಮೈ ಸುಡುತ್ತಿದ್ದರೆ ಸೋಂಕೂ ಇರಬಹುದು, ಹಾಗಾಗಿ ರಕ್ತ ಪರೀಕ್ಷೆಗೆ ಕಳಿಸಿದ್ದೇವೆ ಎಂದರು. "ಬದುಕ್ತಾಳಾ?" ಎಂದು ಝುವೈನಾ ಕೇಳಿದರು. "ಹಾಲು ಕುಡೀಲಿ, ಆಮೇಲೆ ಹೇಳ್ತೀನಿ," ಎಂದು ಡಾಕ್ಟರು ಒಳಗೆ ಹೋದರು.

ಸಂಜೆಯ ಬಾಂಗು ಕೂಗಿತು. ಝುವೈನಾ ಬೆಂಚಿನ ಪಕ್ಕದಲ್ಲೇ ನಮಾಜು ಮಾಡಿದರು, ಮುಗಿದ ಮೇಲೂ ಏಳಲಿಲ್ಲ. ಅವರು ಹಾಗೆ ಕೂತಿರುವಾಗಲೇ ಒಳಗಿನಿಂದ ಅಳು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಇಡೀ ವಾರ್ಡಿಗೆ ಕೇಳುವಂತೆ, ಸಿಟ್ಟಿನಲ್ಲಿ. ಸ್ವಲ್ಪ ಹೊತ್ತಿಗೆ ಅದು ತಟ್ಟನೆ ನಿಂತಿತು. ಝುವೈನಾ ಗಾಬರಿಯಿಂದ ಎದ್ದು ವಾರ್ಡಿನ ಬಾಗಿಲ ಪರದೆ ಸರಿಸಿದರು. ಮಝೂನ್ ಹಾಲು ಕುಡಿಯುತ್ತಿದ್ದಳು.

ರಕ್ತದಲ್ಲಿ ಸೋಂಕು ಸಿಗಲಿಲ್ಲ. ಮನೆಗೆ ಬಂದ ದಿನ ಝುವೈನಾ ಪೆಟ್ಟಿಗೆ ತೆರೆದು ರಿಮೋಟನ್ನು ಅಳಿಯನ ಕೈಗಿಟ್ಟರು. ಹಿಲಾಲ್ ಖುಷಿಯಿಂದ ಹದಿನೆಂಟಕ್ಕೆ ಇಳಿಸಿದ.

"ಇಪ್ಪತ್ತೈದು ಅಂದಿದಾರೆ, ಅಳಿಯಂದಿರೇ. ಮೀನು ಇಡೋಕೆ ಹೇಳಿಲ್ಲ."

ಝುವೈನಾ ಕಂಬಳಿಗಳನ್ನು ಮಡಚಿ, ಬೆಟ್ಟಕ್ಕೆ ವಾಪಸಾಗಲೆಂದು ಕಾರಿಗೆ ಹಾಕಿಸಿದರು. ಕೂಸು ನೋಡಲು ಬಂದ ಹೆಂಗಸರಿಗೆ ಕಾಫಿಯ ಜೊತೆ ಈ ಕಥೆಯನ್ನು ತಾವೇ ಹೇಳಿದರು. ಪಕ್ಕದ ಓಣಿಯಲ್ಲಿ ಸೊಹಾರ್ ಪಟ್ಟಣದ ಕಡೆಯ ಅಜ್ಜಿಯೊಬ್ಬರು ಬಾಣಂತನಕ್ಕೆ ಬಂದಿದ್ದಾರೆಂದು ಕೇಳಿ, ಕರೆಯದಿದ್ದರೂ ಹೋಗಿ ಆ ಮನೆಯ ಬಾಗಿಲು ತಟ್ಟಿದರು. ಸಭ್ಯತೆಯ ವಿಷಯ ಆಗ ಅವರಿಗೆ ನೆನಪಾದಂತೆ ಕಾಣಲಿಲ್ಲ.

ಮಗಳ ಬಾಣಂತನಕ್ಕೆಂದು ಬೇಸಿಗೆಯಲ್ಲಿ ಕೊಲ್ಲಿಯ ಊರುಗಳಿಗೆ ಬರುವ ಅಮ್ಮಂದಿರೇ, ಅಜ್ಜಿಯಂದಿರೇ, ನಿಮ್ಮ ತುಪ್ಪ ತನ್ನಿ, ಜೇನು ತನ್ನಿ, ಕಂಬಳಿ ಬಿಟ್ಟು ಬನ್ನಿ. ಬಾಣಂತಿಗೆ ಬೇಕಾದಷ್ಟು ನೀರು ಕೊಡಿ. ಕೋಣೆ ನಿಮಗೆ ಸೆಕೆ ಎನಿಸಿದರೆ ಕೂಸಿಗೆ ಅದಕ್ಕಿಂತ ಹೆಚ್ಚು ಸೆಕೆ. ಅದರ ಮೈ ಸುಡುತ್ತಿದ್ದರೆ, ಹಾಲು ಬಿಟ್ಟಿದ್ದರೆ, ಡೈಪರ್ ಒಣಗಿಯೇ ಇದ್ದರೆ, ಎಬ್ಬಿಸಿದರೂ ಏಳದಿದ್ದರೆ ಮನೆಮದ್ದು ಹುಡುಕುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಪಕ್ಕದ ಮನೆಯವರೇ, ಇಂಥ ಮುಚ್ಚಿದ ಬಾಗಿಲು ಕಂಡರೆ ಹೊರಗೆ ಬಂದು ಮಾತಾಡುವ ಬದಲು ಒಳಗೇ ಮಾತಾಡಿ. ಅಜ್ಜಿ ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಇದನ್ನು ಓದುತ್ತಿರುವ ಹೊತ್ತಿಗೆ ನಿಮ್ಮ ಮನೆಯಲ್ಲೂ ಒಂದು ಕೂಸು ಮಲಗಿದೆಯೇ? ಹಾಗಿದ್ದರೆ ಈ ಹಾಳೆಯನ್ನು ಕೆಳಗಿಟ್ಟು, ಎದ್ದು ಹೋಗಿ ಅದರ ಕತ್ತಿನ ಹಿಂದೆ ಒಮ್ಮೆ ಕೈಯಿಟ್ಟು ನೋಡಿ.