ಚೊಕ್ಕಟವಾಗಿದ್ದ ಟ್ರೇ

ನನ್ನ ನಾಲಿಗೆ ಸರಿಯಿಲ್ಲ ಅಂತ ನನಗೇ ಗೊತ್ತು. ಭಾನುವಾರ ಬೆಳಿಗ್ಗೆ ಅಕ್ಕನಿಗೆ ಅಂದ ಮಾತನ್ನು ಅಲ್ಲೇ ನುಂಗಿಕೊಂಡಿದ್ದರೆ ಇದನ್ನೆಲ್ಲ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಜಗಳ ಶುರುವಾದದ್ದು ಬೆಕ್ಕಿನ ಮರಳಿನ ಟ್ರೇಯಿಂದ. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ ನಮ್ಮದು. ಇರುವವರು ಅಕ್ಕ, ನಾನು, ಮ್ಯಾನೇಜರ್. ಮ್ಯಾನೇಜರ್ ಅಂದರೆ ಬೆಕ್ಕು. ಈ ಕಡೆಯ ಕಡ್ಡಿ ತೆಗೆದು ಆ ಕಡೆ ಇಡದೆ, ಕಿಟಕಿಯ ಕಟ್ಟೆ ಮೇಲೆ ಕೂತು, ನಾವು ಮಾಡುವ ಕೆಲಸವನ್ನೆಲ್ಲ ಕಣ್ಣು ಕಿರಿದು ಮಾಡಿ ನೋಡುತ್ತಿದ್ದುದರಿಂದ ಆ ಹುದ್ದೆ ಸಿಕ್ಕಿತ್ತು.

ಅಕ್ಕ ಬ್ರೆಡ್ ಕಾರ್ಖಾನೆಯಲ್ಲಿ ಹಿಟ್ಟು ಕಲಸುವ ಯಂತ್ರ ನೋಡಿಕೊಳ್ಳುತ್ತಾಳೆ. ನಸುಕಿಗೇ ಹೊರಟವಳು ಮಧ್ಯಾಹ್ನ ಒಂದಕ್ಕೆ ಬರುತ್ತಾಳೆ. ನಾನು ಟಾಕೀಸಿನಲ್ಲಿ ಟಿಕೆಟ್ ಕೊಡುವವಳು. ಅವಳು ಬರುವ ಮೊದಲೇ ಹೊರಡುತ್ತೇನೆ, ನಾನು ಬರುವಾಗ ಅವಳಿಗೆ ನಿದ್ದೆ. ಹೀಗಾಗಿ ಬೆಕ್ಕಿನ ಚಾಕರಿಗೆ ಸರದಿ ಇಟ್ಟುಕೊಂಡಿರಲಿಲ್ಲ. ಕಂಡವರು ಮಾಡಬೇಕು ಅನ್ನುವುದೇ ನಮ್ಮ ಕಾನೂನು. ಬಟ್ಟಲು ಖಾಲಿ ಕಂಡರೆ ತುಂಬುವುದು, ಮರಳಿನಲ್ಲಿ ಉಚ್ಚೆ ಕಟ್ಟಿದ ಉಂಡೆ ಕಂಡರೆ ಜಾಲರಿ ಸೌಟಿನಲ್ಲಿ ತೆಗೆದು ಬಿಸಾಡುವುದು. ಕೇಳಲು ಸೊಗಸಾಗಿದೆ. ಆದರೆ ಕಂಡೂ ಕಾಣದ ಹಾಗೆ ದಾಟಿ ಹೋಗುವವರನ್ನು ಹಿಡಿಯುವವರು ಯಾರು?

ಭಾನುವಾರ ಇಬ್ಬರೂ ಮನೆಯಲ್ಲಿದ್ದೆವು, ಟ್ರೇ ಗಬ್ಬು ನಾರುತ್ತಿತ್ತು.

"ನಿನ್ನ ಮೂಗಿಗೇನು ಬಿರಡೆ ಹಾಕ್ಕೊಂಡಿದ್ದೀಯಾ?" ಅಂದೆ.

"ನಿನ್ನೆ ಮಧ್ಯಾಹ್ನ ನಾನೇ ತೆಗ್ದಿದ್ದು. ನಿನಗೆ ಬರೀ ಎತ್ತಿ ಆಡೋದೊಂದು ಗೊತ್ತು."

"ಗೊತ್ತಿದ್ರೂ ಗೊತ್ತಿಲ್ಲದ ಹಾಗೆ ಇರೋದು ನಿನ್ನ ಹುಟ್ಟುಗುಣ. ಭಾವ ಸುಮ್ಮನೆ ಬಿಟ್ಟು ಹೋದ್ರಾ?"

ಅಕ್ಕ ಸೌಟು ತಗೊಂಡಳು, ಟ್ರೇ ಪೂರ್ತಿ ಸ್ವಚ್ಛ ಮಾಡಿದಳು, ಕೈ ತೊಳೆದು ತನ್ನ ಕೋಣೆಗೆ ಹೋದಳು. ಆಮೇಲೆ ಮಾತಿಲ್ಲ. ಬಾಗಿಲ ಈಚೆ ನಿಂತು ಕ್ಷಮಿಸು ಅನ್ನಬೇಕು ಅನ್ನಿಸಿತು, ಆದರೆ ಹಾಳು ಜಂಬ ಬಿಡಲಿಲ್ಲ.

ಸೋಮವಾರ ಎದ್ದು ಸೌಟು ಹಿಡಿದು ಹೋದರೆ ಟ್ರೇ ಚೊಕ್ಕಟವಾಗಿದೆ. ಒಂದು ಉಂಡೆಯೂ ಇಲ್ಲ. ಬಟ್ಟಲ ತುಂಬ ಬೆಕ್ಕಿಗೆ ಹಾಕುವ ಪ್ಯಾಕೆಟ್ಟಿನ ಕಾಳು. ನಸುಕಿನಲ್ಲೇ ಎಲ್ಲ ಮಾಡಿ ಹೋಗಿದ್ದಾಳೆ, ನನಗೆ ಬುದ್ಧಿ ಕಲಿಸೋಕೆ, ಅಂದುಕೊಂಡು ಮೊದಲು ಸಿಡಿಮಿಡಿಗೊಂಡೆ. ಆಮೇಲೆ ಪಾಪ ಅನ್ನಿಸಿ ಅವಳ ಇನ್ನೊಂದು ಕೆಲಸದ ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿ ಮಂಚದ ಮೇಲಿಟ್ಟು ಹೊರಟೆ. ಮರಳಿ ಬಂದಾಗ ಮೇಜಿನ ಮೇಲೆ ತಟ್ಟೆ ಮುಚ್ಚಿಟ್ಟಿತ್ತು. ತೆಗೆದರೆ ಅಂಚು ಸೀದ ಬನ್ನು, ನನಗೆ ಇಷ್ಟ ಅಂತ ಅವಳು ಕಾರ್ಖಾನೆಯಲ್ಲಿ ಆರಿಸಿ ತರುವುದು.

ಮಂಗಳವಾರವೂ ಟ್ರೇ ಚೊಕ್ಕಟ, ಬಟ್ಟಲು ಭರ್ತಿ. ಅಕ್ಕ ನನ್ನನ್ನು ಕ್ಷಮಿಸಿದ್ದಾಳೆ ಅಂದುಕೊಂಡು ಆ ಮರಳನ್ನೇ ನೋಡುತ್ತ ನಿಂತೆ. ಎಷ್ಟೋ ತಿಂಗಳ ಮೇಲೆ ಮನೆ ಮನೆಯಂತಿದೆ ಅನ್ನಿಸಿ ಹಾಡು ಗುನುಗಿದೆ. ಮುಖ ತೊಳೆಯಲು ಹೋದರೆ ಮ್ಯಾನೇಜರ್ ಬೇಸಿನ್ನಿನಲ್ಲಿ ಮುದುರಿ ಕೂತಿದ್ದ. ತಂಪಿಗೆ ಕೂತಿದ್ದಾನೆ ಅಂದುಕೊಂಡೆ. "ಏಳಯ್ಯಾ ಮ್ಯಾನೇಜರೇ, ಆಫೀಸು ಬದಲಾಯಿಸಿದ್ಯಾ?" ಅಂತ ಒಂದು ಬೊಗಸೆ ನೀರು ಚಿಮುಕಿಸಿದೆ. ಒಂದು ಥರ ಕೂಗಿ, ಇಳಿದು, ಮಂಚದ ಕೆಳಗೆ ಹೋದ. ಆ ಕೂಗಿಗೆ ನಾನು ನಕ್ಕೆ. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅವತ್ತು ಕೆಲಸಕ್ಕೆ ತಡವಾಗಿ ಬರುತ್ತೇನೆಂದು ಹೇಳಿ ಅಕ್ಕನಿಗಾಗಿ ಕಾದೆ. ಬಂದವಳು ಚಪ್ಪಲಿ ಬಿಡುತ್ತ, ನೆಲ ನೋಡುತ್ತ, ತಾನೇ ಮೊದಲು ಮಾತಾಡಿದಳು.

"ಎರಡು ದಿನದಿಂದ ಟ್ರೇ ನೀನೇ ತೆಗೀತಿದ್ದೀಯಲ್ಲ. ನೋಡ್ದೆ ಕಣೆ."

"ನಾನೆಲ್ಲಿ ತೆಗ್ದೆ? ನೀನಲ್ವಾ?"

"ನಾನು ಭಾನುವಾರದಿಂದ ಮುಟ್ಟೇ ಇಲ್ಲ."

"ಕಾಳು?"

"ತುಂಬೇ ಇತ್ತಲ್ಲ. ನೀನು ಹಾಕಿದ್ದು ಅಂತ..."

ಇಬ್ಬರೂ ಒಟ್ಟಿಗೇ ಟ್ರೇ ಕಡೆ ತಿರುಗಿದೆವು. ಯಾರೂ ತೆಗೆದಿಲ್ಲ ಅಂದರೆ ತೆಗೆಯಲು ಏನೂ ಇರಲಿಲ್ಲ. ಯಾರೂ ತುಂಬಿಲ್ಲ ಅಂದರೆ ಅವನು ತಿಂದೇ ಇಲ್ಲ. ಭಾನುವಾರದಿಂದ ಅವನು ಒಂದು ಹನಿ ಉಚ್ಚೆ ಹೊಯ್ದಿಲ್ಲ.

ಮಂಚದ ಕೆಳಗಿಂದ ಎಳೆದು ತೆಗೆದಾಗ ಅವನ ಹೊಟ್ಟೆ ಕಲ್ಲಾಗಿತ್ತು. ಮುಟ್ಟಿದರೆ ಕಚ್ಚುವುದಕ್ಕೂ ಶಕ್ತಿಯಿಲ್ಲ. ಅಕ್ಕ ಅವನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹಿಟ್ಟಿನ ಅಂಗಿಯಲ್ಲೇ ಮೆಟ್ಟಿಲಿಳಿದಳು. ನಾಲ್ಕು ಬೀದಿ ಆಚೆಗಿನ ಪ್ರಾಣಿಗಳ ಆಸ್ಪತ್ರೆಗೆ ಬಿದ್ದೆವೋ ಎದ್ದೆವೋ ಅಂತ ಓಡಿದೆವು.

"ಉಚ್ಚೆ ಮಾಡಿ ಎಷ್ಟು ಹೊತ್ತಾಯ್ತು?" ಡಾಕ್ಟರಮ್ಮ ಕೇಳಿದರು.

ಅಕ್ಕ ನನ್ನನ್ನು ನೋಡಿದಳು. ನಾನು ಅಕ್ಕನನ್ನು ನೋಡಿದೆ.

"ಎರಡು ದಿನ," ಅಂದೆ. "ನಾವು ಮಾತು ಬಿಟ್ಟಿದ್ವಿ."

ಅವರಿಗೆ ಅದು ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳುವ ಪುರುಸೊತ್ತೂ ಇರಲಿಲ್ಲ. ಸಣ್ಣ ಹರಳು ಕೂತು ಉಚ್ಚೆಯ ದಾರಿ ಕಟ್ಟಿದೆ, ನಂಜು ರಕ್ತಕ್ಕೇರಿದೆ, ಗುಂಡಿಗೆ ಯಾವಾಗ ಬೇಕಾದರೂ ನಿಲ್ಲಬಹುದು ಅಂದರು. ಸೂಜಿ ಚುಚ್ಚುತ್ತಲೇ ಕೇಳಿದರು, "ನೀರಿನ ಬಟ್ಟಲು ಎಲ್ಲಿಡ್ತೀರಿ?"

"ಟ್ರೇ ಪಕ್ಕದಲ್ಲಿ."

"ನೀವು ಕಕ್ಕಸಿನ ಪಕ್ಕ ಕೂತು ನೀರು ಕುಡೀತೀರಾ? ಒಣ ಕಾಳು ತಿನ್ನಿಸಿ, ನೀರು ಕುಡಿಯದ ಜಾಗದಲ್ಲಿಟ್ರೆ ಇನ್ನೇನಾಗುತ್ತೆ?"

ಯಾವಾಗಲೂ ತುದಿನಾಲಿಗೆಯಲ್ಲಿ ಉತ್ತರ ಇಟ್ಟುಕೊಂಡಿರುವ ನಾನು ಮ್ಯಾನೇಜರನ ಕಾಲು ಅಲ್ಲಾಡದಂತೆ ಹಿಡಿದುಕೊಂಡೆ.

ಹೊರಗಿನ ಬೆಂಚಿನ ಮೇಲೆ ಕೂತಾಗ ಬೇಸಿನ್ನಿನ ವಿಷಯ ಹೇಳಿಬಿಟ್ಟೆ. ನೀರು ಚಿಮುಕಿಸಿದ್ದು, ನಕ್ಕಿದ್ದು, ಎಲ್ಲ.

"ಬಯ್ಯಿ ಅಕ್ಕಾ. ನಿನ್ನ ದಮ್ಮಯ್ಯ, ಏನಾದ್ರೂ ಬಯ್ಯಿ."

"ಅವನು ಬದುಕ್ಲಿ. ಆಮೇಲೆ ಬೈತೀನಿ," ಅಂದಳು.

ಅವತ್ತು ಬದುಕಿದ. ನಳಿಕೆ ಹಾಕಿ ಎರಡು ದಿನ ಅಲ್ಲೇ ಇರಿಸಿಕೊಂಡರು. ಗುರುವಾರ ಬೆಳಿಗ್ಗೆ ನಳಿಕೆ ತೆಗೆದು ಡಾಕ್ಟರಮ್ಮ ನಮ್ಮನ್ನು ಕರೆಸಿದರು. ಸಂಜೆ ಆರರೊಳಗೆ ತಾನಾಗಿ ಉಚ್ಚೆ ಹೊಯ್ಯಬೇಕು, ಮತ್ತೆ ಕಟ್ಟಿದರೆ ಇವನ ಜೀವ ಇನ್ನೊಂದು ಸಲ ತಡೆಯುವುದಿಲ್ಲ, ಆಗ ಬೇರೆ ಮಾತು ಆಡಬೇಕಾಗುತ್ತದೆ ಅಂದರು. ಆ ಬೇರೆ ಮಾತು ಯಾವುದೆಂದು ನಾವು ಕೇಳಲಿಲ್ಲ.

ಇಬ್ಬರೂ ರಜೆ ಹಾಕಿ ಅಲ್ಲೇ ಹಿಂದಿನ ಕೋಣೆಯ ನೆಲದ ಮೇಲೆ ಕೂತೆವು. ಹತ್ತಕ್ಕೆ ಒಮ್ಮೆ ತಿಣುಕಿದ, ಏನೂ ಬರಲಿಲ್ಲ. ಹನ್ನೆರಡಕ್ಕೆ ಮತ್ತೆ. ಎರಡಕ್ಕೆ ತಿಣುಕುತ್ತ ಅತ್ತ. ಇಬ್ಬರು ಗಟ್ಟಿ ಹೆಂಗಸರು ಒಂದು ಬೆಕ್ಕಿನ ಹಿಂಭಾಗವನ್ನು ಎವೆಯಿಕ್ಕದೆ ನೋಡುತ್ತ ಕೂತಿದ್ದನ್ನು ಬೇರೆ ದಿನವಾಗಿದ್ದರೆ ನಾನೇ ಆಡಿಕೊಂಡು ನಗುತ್ತಿದ್ದೆ. ನಾಲ್ಕಾಯಿತು. ಅಕ್ಕ ಅವನನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ನೀನಂದಿದ್ದು ಸುಳ್ಳಲ್ಲ ಕಣೆ," ಅಂದಳು, ಅವನ ಕಿವಿ ಸವರುತ್ತ.

"ಯಾವುದು?"

"ನಿಮ್ಮ ಭಾವನ ವಿಷಯ. ಹೋಗೋಕೆ ಮುಂಚೆ ಆರು ತಿಂಗಳು ಮನೇಲಿ ಒಂದು ಜಗಳ ಇಲ್ಲ. ಉಪ್ಪು ಜಾಸ್ತಿ ಆದ್ರೂ ಕೇಳ್ತಿರ್ಲಿಲ್ಲ. ನಾನು ಚೆನ್ನಾಗಿದ್ದೀವಿ ಅಂದ್ಕೊಂಡಿದ್ದೆ."

ಅವಳ ಭುಜ ಹಿಡಿದುಕೊಂಡೆ. ಕ್ಷಮಿಸು ಅಂದೆ, ನಾಲ್ಕು ದಿನ ತಡವಾಗಿ. ಅವಳು ಕೇಳಿಸಿಕೊಂಡಳೋ ಇಲ್ಲವೋ, ಒಮ್ಮೆಲೇ ಮೈ ಬಿಗಿಹಿಡಿದಳು.

"ಅಲ್ಲಾಡ್ಬೇಡ," ಅಂದಳು. "ನೀನೂ ಅಲ್ಲಾಡ್ಬೇಡ."

ಅವಳ ಬಟ್ಟೆಯ ಮೇಲೆ ಒದ್ದೆ ಕಲೆ ಅಂಗೈಯಗಲ ಹರಡಿತು. ಆಮೇಲೆ ತೊಡೆಯಗಲ. ನಾನು ಕೈಯೊಡ್ಡಿದೆ. ಬೆಚ್ಚಗೆ ಬೆರಳ ಸಂದಿಯಿಂದ ಇಳಿದು ನೆಲಕ್ಕೆ ಹೋಯಿತು. ನಾನು ಗೋಳೋ ಅಂತ ಅತ್ತುಬಿಟ್ಟೆ. ಸದ್ದಿಗೆ ಡಾಕ್ಟರಮ್ಮ ಬಾಗಿಲಿಗೆ ಬಂದು ನೋಡಿ ನಕ್ಕರು.

"ಅಯ್ಯೋ, ಏಳ್ರಮ್ಮಾ, ಬಟ್ಟೆಯೆಲ್ಲ ಹಾಳಾಯ್ತು. ಟ್ರೇಗೆ ಬಿಡಿ ಅವನನ್ನ."

ಅಕ್ಕ ಏಳಲಿಲ್ಲ.

"ಇರಿ ಡಾಕ್ಟ್ರೇ," ಅಂದಳು. "ಅವನದು ಪೂರ್ತಿ ಮುಗೀಲಿ."