ಖರೇನ ಕಡೇ ಆಟ

ನನ್ನ ಗಂಟಲಿನ ಬಗ್ಗೆ ಯಾರೂ ಎರಡು ಮಾತಾಡುವ ಹಾಗಿಲ್ಲ. ಇಪ್ಪತ್ತು ವರ್ಷ ನಾಟಕ ಕಂಪನಿಗಳಿಗಾಗಿ ಟಾಂಗಾದಲ್ಲಿ ಕೂತು ಮೈಕಿನಲ್ಲಿ ಕೂಗಿದವನು ನಾನು, ಗದಗಿನ ಮಕ್ತುಮಸಾಬ. ಜನ ಕಡಿಮೆಯಾದ ಕೂಡಲೇ "ಕಡೇ ಆಟ! ಇಂದೇ ಕಡೇ ಆಟ!" ಎಂದು ಊರು ಸುತ್ತಬೇಕು. ತಂಬು ತುಂಬುತ್ತಿತ್ತು. ಮರುದಿನ "ಪ್ರೇಕ್ಷಕರ ಒತ್ತಾಯದ ಮೇರೆಗೆ ಇನ್ನೊಂದೇ ಆಟ." ಬೆಟಗೇರಿಯಲ್ಲಿ ಒಂದೇ ನಾಟಕಕ್ಕೆ ನಲವತ್ತೊಂದು ಸಲ ಕಡೇ ಆಟ ಕೂಗಿದ್ದೇನೆ. ಎಲ್ಲರಿಗೂ ಗೊತ್ತಿದ್ದ ಸುಳ್ಳು, ಅದರಲ್ಲೇನು ಪಾಪ ಅಂದುಕೊಂಡಿದ್ದೆ.

ಎಂಬತ್ತೆಂಟರಲ್ಲಿ ಟಿವಿ ಅಂಗಡಿಯ ನಿಜಲಿಂಗಪ್ಪ ನನ್ನನ್ನು ಕರೆಸಿದರು. ಮೂರು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಬರುತ್ತಿದ್ದ ಹಿಂದಿ ಧಾರಾವಾಹಿಯೊಂದು ಮುಗಿಯುವುದರಲ್ಲಿತ್ತು. ಸ್ಟೇಶನ್ನಿನ ಗದ್ದಲದಲ್ಲಿ ಮಗನನ್ನು ಕಳಕೊಂಡ ಕಮಲಾಬಾಯಿ ಅವನನ್ನು ಊರೂರು ಹುಡುಕುವ ಕತೆ ಅದು.

"ಇನ್ನ ನಾಕ ವಾರ ಅಷ್ಟ ಐತಿ ಮಕ್ತುಮಸಾಬ. ಅದು ಮುಗಿಯೂದ್ರಾಗ ಮನಿಗೊಂದು ಟಿವಿ ಒಯ್ರಿ ಅಂತ ಕೂಗಬೇಕು ನೋಡ್ರಿ," ಎಂದರು.

ಗದಗ, ಬೆಟಗೇರಿ ಮುಗಿಸಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಿದೆ. "ನಾಲ್ಕೇ ವಾರ! ಕಮಲಾಬಾಯಿಯ ಕಡೇ ನಾಲ್ಕು ವಾರ!" ಎಂದು ಕೂಗಿದರೆ ಜನ ನಗುತ್ತಿದ್ದರು. ಲಕ್ಷ್ಮೇಶ್ವರದ ಬಜಾರಿನಲ್ಲಿ ಒಬ್ಬ, "ಆತು ಸಾಬ್ರ, ಹ್ವಾದ ವರ್ಷದ ಕಡೇ ಆಟ ಇನ್ನೂ ಮುಗಿದಿಲ್ಲ, ಅದನ್ನ ಮುಗಿಸಿ ಬರ್ರಿ," ಎಂದು ಕೂಗಿ ಹೇಳಿದ. ನನಗೆ ಮೈಯೆಲ್ಲ ಉರಿಯಿತು. ಜೀವನದಲ್ಲಿ ಮೊದಲ ಸಲ ನಿಜ ಕೂಗುತ್ತಿದ್ದೆ, ನಂಬುವ ಒಬ್ಬ ಗಿರಾಕಿಯೂ ಇಲ್ಲ.

ಅವರು ನಂಬದಿದ್ದರೆ ಹಾಳಾಗಿ ಹೋಗಲಿ. ತಿಪ್ಪವ್ವ ನಂಬಬೇಕಿತ್ತು. ಕಳಸಾಪುರದಿಂದ ಭಾನುವಾರ ಮೆಂತ್ಯೆ, ರಾಜಗಿರಿ ಸೊಪ್ಪು ಮಾರಲು ಬರುವವಳು. ಒಂಬತ್ತು ಗಂಟೆಗೆ ಬುಟ್ಟಿ ಮುಚ್ಚಿಟ್ಟು ನಿಜಲಿಂಗಪ್ಪನವರ ಅಂಗಡಿಯ ಮುಂದೆ ನಿಲ್ಲುವಳು. ಹಿಂದಿ ಬಾರದು. ಪಕ್ಕದಲ್ಲಿ ನಿಂತು ನಾನೇ ಒಂದೊಂದು ಮಾತನ್ನೂ ಕನ್ನಡ ಮಾಡಿ ಹೇಳುತ್ತಿದ್ದೆ. ಅವಳ ಮಗ ಗವಿಸಿದ್ದಪ್ಪ ಹನ್ನೆರಡು ವರ್ಷದ ಹಿಂದೆ ಸೊಲ್ಲಾಪುರದ ಗಿರಣಿಗೆಂದು ಗದಗಿನಲ್ಲೇ ರೈಲು ಹತ್ತಿದವನು. ಒಂದು ಕಾಗದವಿಲ್ಲ, ಖಬರಿಲ್ಲ. ಕಮಲಾಬಾಯಿಗೆ ಮಗ ಸಿಕ್ಕರೆ ತನಗೂ ಸಿಗುತ್ತಾನೆ ಎಂದು ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದಳು.

ಮೂರನೆಯ ವಾರ ಮುಗಿದಾಗ ಹೇಳಿದೆ. "ಯಕ್ಕಾ, ಬರೂ ಐತವಾರ ಕಡೀದು. ತಪ್ಪಿಸಬ್ಯಾಡ."

"ಬರೂ ಐತವಾರ ಮುಂಡರಗ್ಯಾಗ ನಮ್ಮ ತಂಗೀ ಮಗಳ ಕುಬಸ ಐತಿ. ಬಸರೀ ಹುಡುಗಿ, ಕುಬಸ ಮುಂದ ಹಾಕಾಕ ಬರೂದಿಲ್ಲ. ಆಟ ಹೆಂಗೂ ಮುಂದ ಹೋಗತೈತಿ."

"ಹೋಗೂದಿಲ್ಲ ಯಕ್ಕಾ. ಅಲ್ಲಾನ ಆಣಿ, ಖರೇನ ಕಡೇ ಆಟ."

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಮೈಕಿನ್ಯಾಗೂ ಹಿಂಗ ಆಣಿ ಹಾಕ್ತಿದ್ದಿ. ನಿನ್ನ ಮಾತ ಕೇಳಿ ಒಮ್ಮೆ ಜ್ವರದಾಗ ಎದ್ದು ಬೆಟಗೇರಿಗೆ ಬಂದಿದ್ದೆ. ಆಮ್ಯಾಲ ಒಂದು ತಿಂಗಳ ನಡೀತದು."

ಬಸ್ ಸ್ಟ್ಯಾಂಡಿನವರೆಗೂ ಹಿಂದೆ ಹೋದೆ, ಬೇಡಿಕೊಂಡೆ, ಕೊನೆಗೆ ಬೈದೆ. ಅವಳು ನಗುತ್ತಲೇ ಬಸ್ಸು ಹತ್ತಿದಳು.

ಆ ಭಾನುವಾರ ಅಂಗಡಿಯ ಮುಂದೆ ಜನ ಕಡಿಮೆ ಇದ್ದರು. ಎಲ್ಲರೂ ಮುಂದಿನ ವಾರದ ನಂಬಿಕೆಯಲ್ಲಿದ್ದರೇನೋ. ಕಮಲಾಬಾಯಿ ಪ್ಲಾಟಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತಳು, ರೈಲು ಬಂತು, ಎಲ್ಲರೂ ಇಳಿದರು, ರೈಲು ಹೋಯಿತು. ಅವಳು ಕೂತೇ ಇದ್ದಳು. ಪರದೆಯಲ್ಲಿ ಅವಳ ಮೇಲೆಯೇ ನಟರ ಹೆಸರುಗಳು ಬಂದವು. ಅಷ್ಟಕ್ಕೇ ಮುಗಿಸಿಬಿಟ್ಟರು, ಹೇಳುವವರು ಕೇಳುವವರು ಯಾರೂ ಇಲ್ಲದ ಹಾಗೆ. ನನಗೆ ಅಳು ಬಂತು.

ಮುಂದಿನ ಭಾನುವಾರ ತಿಪ್ಪವ್ವ ಎಂದಿನಂತೆ ಬಂದು ನಿಂತಳು. ಟಿವಿಯಲ್ಲಿ ಶಾಲೆಯ ಮಕ್ಕಳು ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ಸ್ವಲ್ಪ ಹೊತ್ತು ನೋಡಿದಳು.

"ಕಮಲಾಬಾಯಿ ಎಲ್ಲದಾಳಪಾ?"

"ಮುಗೀತು ಯಕ್ಕಾ, ಹ್ವಾದ ವಾರ."

"ಮಗ ಸಿಕ್ಕನ?"

ಇಡೀ ವಾರ ಈ ಒಂದು ಮಾತಿಗೆ ತಯಾರಿ ಮಾಡಿಕೊಂಡಿದ್ದೆ. "ಸಿಕ್ಕ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಸಿಕ್ಕಿದ್ರ ನೀ ಇಷ್ಟ ಮೆತ್ತಗ ಹೇಳ್ತಿದ್ದಿಲ್ಲ ಮಕ್ತುಮಾ. ಊರ ಕೇಳೂ ಹಂಗ ಒದರ್ತಿದ್ದಿ."

ನನ್ನ ಗಂಟಲು ಅಂದು ನನ್ನ ಕೈಬಿಟ್ಟಿತು.

"ಮಗ ಸಿಕ್ಕಿಲ್ಲಂದ್ರ ಆಟ ಎಲ್ಲಿ ಮುಗೀತು?" ಎಂದು ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು. "ಆಕಿ ಕುಂತಿರ್ತಾಳ. ನಾ ಮುಂದಿನ ಐತವಾರ ಬರ್ತೀನಿ."

ಎಷ್ಟೋ ಊರುಗಳಲ್ಲಿ ಮುಗಿಯದ ಆಟವನ್ನು ಮುಗಿಯಿತೆಂದು ಕೂಗಿದವನು ನಾನು. ಈಗ ಪ್ರತಿ ಭಾನುವಾರ ಒಂಬತ್ತಕ್ಕೆ ಅವಳು ಬಂದು ನಿಲ್ಲುತ್ತಾಳೆ, ನಾನೂ ಹೋಗಿ ಪಕ್ಕದಲ್ಲಿ ನಿಲ್ಲುತ್ತೇನೆ. ಮುಗಿಯಿತೆಂದು ಇನ್ನೊಂದು ಸಲ ಹೇಳಲು ನನ್ನಿಂದಾಗಿಲ್ಲ.