ಸಾಹೇಬರ ಬೈಟು

ಕೃಷ್ಣರಾಜಪುರದ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಶೇಷಮ್ಮನ ಟೀ ಅಂಗಡಿ. ರಾಯಚೂರು ಕಡೆಯಿಂದ ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದವಳು, ಅವನು ತೀರಿಕೊಂಡ ಮೇಲೆ ಒಲೆ ಹೂಡಿ ಕೂತಳು. ಕೂತಲ್ಲೇ ಸುತ್ತಲಿನ ವಠಾರಗಳಿಗೆ ನ್ಯಾಯ ಹೇಳುವವಳೂ ಆದಳು. ನಲ್ಲಿ ಮುಂದಿನ ಕೊಡದ ಜಗಳ, ಅತ್ತೆ ಸೊಸೆ ಜಗಳ, ಎಲ್ಲವೂ ಅವಳ ಬೆಂಚಿಗೆ ಬರುತ್ತಿದ್ದವು. ಅವಳದೊಂದು ಪದ್ಧತಿಯಿತ್ತು. ಮಾತೆಲ್ಲ ಮುಗಿದ ಮೇಲೆ ಜಗಳವಾಡಿದ ಇಬ್ಬರಿಗೂ ಸೇರಿ ಒಂದೇ ಟೀ, ಬೈಟು. ಒಬ್ಬರು ಎರಡು ಗ್ಲಾಸಿಗೆ ಹಂಚಬೇಕು, ಇನ್ನೊಬ್ಬರು ತಮಗೆ ಬೇಕಾದ್ದನ್ನು ಮೊದಲು ಎತ್ತಿಕೊಳ್ಳಬೇಕು. ಕುಡಿದ ಮೇಲೆ ಹಳೇ ಮಾತು ತೆಗೆದವರಿಗೆ ಅವಳ ಅಂಗಡಿಯಲ್ಲಿ ಜಾಗವಿಲ್ಲ.

ತೊಂಬತ್ತೊಂಬತ್ತರಲ್ಲಿ ಠಾಣೆಗೆ ಇನ್ಸ್‌ಪೆಕ್ಟರ್ ಸಾಯಬಣ್ಣ ಬಂದರು. ಕಲಬುರಗಿ ಕಡೆಯವರು. ಶಿವಾಜಿನಗರದಲ್ಲಿ ಕಾನ್‌ಸ್ಟೆಬಲ್ ಆಗಿ ಬೀಟ್ ತಿರುಗುತ್ತಲೇ ಪರೀಕ್ಷೆ ಕಟ್ಟಿ, ಹಲಸೂರಲ್ಲಿ ಎಸ್ಸೈ ಆಗಿ, ಮೇಲೆ ಬಂದವರು. ಭಾನುವಾರ ಠಾಣೆಯ ಹೊಂಗೆ ಮರದಡಿ ಬೆಂಚು ಹಾಕಿಸಿ, “ಕಂಪ್ಲೇಂಟ್ ಆಮ್ಯಾಲ ಬರೀರಿ, ಮದಲ ಮಾತಾಡ್ರಿ” ಎಂದರು. ಕೂಲಿಯವರ ಮಕ್ಕಳಿಗೆ ಸಂಜೆ ಪಾಠ ಶುರು ಮಾಡಿಸಿದರು. ಹೆರಿಗೆ ನೋವೆಂದರೆ ಇಲಾಖೆಯ ಜೀಪನ್ನೇ ಕಳಿಸುತ್ತಿದ್ದರು. ಊರ ಕಡೆಯ ಮಾತಾಡುವ ಸಾಹೇಬರೆಂದು, ಆ ಕಡೆಯಿಂದಲೇ ಕೂಲಿಗೆ ಬಂದು ಇಲ್ಲಿನ ಮಾತು ಕಲಿತಿದ್ದ ವಠಾರದವರಿಗೆ ಹಿಗ್ಗೋ ಹಿಗ್ಗು.

ಶೇಷಮ್ಮನ ಬೆಂಚು ಖಾಲಿಯಾಯಿತು. ವ್ಯಾಪಾರವೇನೋ ಏರಿತು, ಯಾಕೆಂದರೆ ಹೊಂಗೆ ಮರದಡಿಗೆ ಟೀ ಹೋಗುತ್ತಿದ್ದುದು ಅವಳ ಅಂಗಡಿಯಿಂದಲೇ. ಆದರೆ ಕೆಟಲ್ ಹಿಡಿದು ಹೋದಾಗ ತನ್ನ ಬೆಂಚಿನ ಮೇಲೆ ಅತ್ತಿದ್ದ ಹೆಂಗಸರೇ ಅಲ್ಲಿ ಸೆರಗು ಬಾಯಿಗಿಟ್ಟು ಅಳುವುದನ್ನು ಕಂಡರೆ ಅವಳ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ನನ್ನ ಟೀ ಬೇಕು, ನನ್ನ ಮಾತು ಬೇಡ!

ಸಾಹೇಬರ ರಾಜಿ ಯಾವಾಗ ಮುರಿಯುತ್ತದೋ ಎಂದು ಕಾದಳು. ಮುರಿಯಿತು. ನಲ್ಲಿ ನೀರಿಗೆ ಕಿತ್ತಾಡಿದ್ದ ಲಕ್ಷ್ಮಿದೇವಿ ಮತ್ತು ಹಮೀದಾ ಹೊಂಗೆ ಮರದಡಿ ಕೈಮುಗಿದು ಎದ್ದವರು, ವಾರ ತುಂಬುವುದರೊಳಗೆ ಮತ್ತೆ ಕೊಡ ಎಸೆದಾಡಿ ಶೇಷಮ್ಮನ ಬೆಂಚಿಗೇ ಬಂದರು. ಅವಳ ಸಂತೋಷ ನೋಡಬೇಕಿತ್ತು.

“ಸಾಹೇಬ್ರು ಏನ್ ಕುಡ್ಸಿದ್ರು ನಿಮ್ಗೆ?” ಎಂದಳು, ರಸ್ತೆಗೆ ಕೇಳಿಸುವ ಹಾಗೆ.

“ಟೀನೇ ಶೇಷಕ್ಕ. ಇಬ್ರಿಗೂ ಒಂದೊಂದು ಫುಲ್ಲು,” ಎಂದಳು ಹಮೀದಾ.

“ಅದಕ್ಕೇ! ಅವಳ ಟೀ ಅವಳು ಕುಡುದ್ಲು, ನಿನ್ನ ಟೀ ನೀನು ಕುಡುದೆ. ಯಾರು ಏನ್ ಬಿಟ್ಟುಕೊಟ್ರಿ? ಒಂದ್ರಲ್ಲಿ ಎರಡು ಮಾಡ್ಬೇಕು ಕಣ್ರೇ. ಅದು ಗೊತ್ತಿಲ್ದೆ ಟೋಪಿ ಹಾಕ್ಕೊಂಡು ಕೂತ್ರೆ ಆಯ್ತಾ?”

ಬಂದ ಗಿರಾಕಿಗಳಿಗೆಲ್ಲ ಇದನ್ನೇ ಹೇಳಿ ಹೇಳಿ ನಕ್ಕಳು. ಅದೇ ಅವಳು ಮಾಡಿದ ತಪ್ಪು. ಮುಂದಿನ ಭಾನುವಾರ ಠಾಣೆಯಿಂದ ಆರ್ಡರ್ ಬಂತು: “ಒಂದು ಟೀ, ಎರಡು ಖಾಲಿ ಗ್ಲಾಸು.”

ಆಮೇಲೆ ಹೊಂಗೆ ಮರದಡಿಯ ರಾಜಿಗಳು ಮುರಿಯುವುದು ಕಡಿಮೆಯಾಯಿತು. ಸಂತೆಯಲ್ಲಿ ಜನ “ಬಾ ಗುರು, ಸಾಹೇಬ್ರ ಬೈಟು ಹಾಕೋಣ, ಮುಗೀಲಿ ಇದು” ಎನ್ನತೊಡಗಿದರು. ಕೇಳಿದಾಗಲೆಲ್ಲ ಶೇಷಮ್ಮ ಟೀ ಸೋಸುವ ಬಟ್ಟೆಯನ್ನು ಯಾರದೋ ಕತ್ತು ಹಿಂಡಿದ ಹಾಗೆ ಹಿಂಡುತ್ತಿದ್ದಳು. ಹೇಳಿಕೊಟ್ಟವಳು ತಾನೇ. ಯಾರ ಮೇಲೆ ಕೂಗಾಡುವುದು?

ಎರಡು ಸಾವಿರದ ಎರಡರಲ್ಲಿ ಸಾಯಬಣ್ಣನವರಿಗೆ ವರ್ಗವಾಯಿತು. ಬೀಳ್ಕೊಡುಗೆಗೆ ಶಾಮಿಯಾನ ಹಾಕಿದರು. ಟೀ ಶೇಷಮ್ಮನದೇ. ಹಳೇ ಕಬ್ಬಿಣದ ಅಂಗಡಿಯ ಬಷೀರ್ ಸಾಬರು ಮೈಕ್ ಹಿಡಿದು, ಗಣೇಶನ ಹಬ್ಬಕ್ಕೂ ಈದಿಗೂ ಗಲಾಟೆಯಾಗದಂತೆ ನೋಡಿಕೊಂಡದ್ದು, ಮಕ್ಕಳ ಪಾಠ, ಜೀಪು, ಎಲ್ಲವನ್ನೂ ಹೊಗಳಿದರು. ಕೊನೆಗೆ, “ಒಂದು ಟೀನಲ್ಲಿ ಇಬ್ಬರು ದುಶ್ಮನ್‌ಗಳ್ನ ದೋಸ್ತಿ ಮಾಡೋ ಐಡಿಯಾ ಕಂಡುಹಿಡಿದವರು ನಮ್ಮ ಸಾಹೇಬ್ರು!” ಎಂದರು. ಚಪ್ಪಾಳೆ ಬಿತ್ತು. ಗ್ಲಾಸುಗಳ ಹಿಂದೆ ನಿಂತಿದ್ದ ಶೇಷಮ್ಮನ ಮೈ ಉರಿಯಿತು. ಈಗ ಕೂಗದಿದ್ದರೆ ಇನ್ನು ಸಾಯುವ ತನಕ ಅದು ಅವರದೇ ಎಂದು ಬಾಯಿ ತೆರೆದಳು.

ಅಷ್ಟರಲ್ಲಿ ಸಾಯಬಣ್ಣನವರು ಎದ್ದು ಮೈಕ್ ತೆಗೆದುಕೊಂಡರು. “ಬಷೀರ್ ಸಾಬ್ರ, ಅದು ನಂದಲ್ರಿ. ಶೇಷಮ್ಮವ್ವಂದು. ನಾ ಕದ್ದೀನಿ. ಪೊಲೀಸರು ಕದ್ರ ಹಿಡಿಯೋರು ಯಾರ್ರಿ?”

ಶಾಮಿಯಾನವೇ ಹಾರಿಹೋಗುವ ಹಾಗೆ ಜನ ನಕ್ಕರು. ಶೇಷಮ್ಮನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಆದರೆ ಪಕ್ಕದಲ್ಲೇ ಲಕ್ಷ್ಮಿದೇವಿ, “ಎಂಥಾ ದೊಡ್ಡ ಮನಸ್ಸು ನೋಡು ಸಾಹೇಬ್ರದ್ದು” ಎಂದು ಕಣ್ಣೊರೆಸಿಕೊಂಡಳು.

ಶೇಷಮ್ಮನಿಗೆ ಅದು ಮೊದಲಿನದಕ್ಕಿಂತ ಹೆಚ್ಚು ಚುಚ್ಚಿತು. ತನ್ನದನ್ನು ತನಗೇ ದಾನ ಕೊಟ್ಟು, ದಾನಿ ಅನ್ನುವ ಹೆಸರನ್ನೂ ಅವರೇ ಹೊತ್ತುಕೊಂಡು ಹೋಗುತ್ತಿದ್ದಾರಲ್ಲ! ಕೆಟಲ್ ಅಲ್ಲೇ ಬಿಟ್ಟು ನೇರ ವೇದಿಕೆ ಹತ್ತಿದಳು.

“ಯಾಕ್ ಹೇಳಿದ್ರಿ? ನಾನೇ ಹೇಳೋಳಿದ್ದೆ,” ಎಂದಳು.

ಸಾಯಬಣ್ಣನವರು ನಗಲಿಲ್ಲ. “ತಪ್ಪಾತವ್ವಾ. ಹೇಳ್ರಿ,” ಎಂದು ಮೈಕ್ ಕೊಟ್ಟು ಕೆಳಗಿಳಿದು, ಜನರ ನಡುವೆ ಚಾಪೆಯ ಮೇಲೆ ಕೂತರು.

ಶೇಷಮ್ಮ ಮೈಕನ್ನು ಸೌಟು ಹಿಡಿದ ಹಾಗೆ ಹಿಡಿದಳು.

“ಜೀಪು ಇವರದು. ಮಕ್ಕಳ ಪಾಠ ಇವರದು. ನಾನು ಇಲ್ಲ ಅನ್ನಲ್ಲ. ಬೈಟು ನಂದು. ಇವರು ಇನ್ನೂ ಶಿವಾಜಿನಗರದಲ್ಲಿ ಸೀಟಿ ಊದ್ತಿದ್ದಾಗ ಇಲ್ಲಿ ನ್ಯಾಯ ಹೇಳ್ತಿದ್ದೋಳು ನಾನು. ಏ ಲಕ್ಷ್ಮಿದೇವಿ, ನಿಮ್ಮತ್ತೆ ನಿನ್ನ ಪಾತ್ರೆ ಹೊರಗೆ ಎಸೆದಾಗ ಯಾರ ಹತ್ರ ಬಂದೆ? ಹೇಳು, ಎದ್ದು ನಿಂತ್ಕೊಂಡು ಹೇಳು!”

ಲಕ್ಷ್ಮಿದೇವಿ ನಾಚಿಕೊಂಡು ಎದ್ದಳು. “ನಿಮ್ಮ ಹತ್ರಾನೇ ಶೇಷಕ್ಕ.”

“ಹಮೀದಾ, ನೀನು?”

ಬಷೀರ್ ಸಾಬರು ಮೆಲ್ಲಗೆ ಬಳಿ ಬಂದು, “ಅಮ್ಮಾ, ಹಾರ ಹಾಕೋದಿದೆ, ಟೈಮಾಯ್ತು” ಎಂದು ಮೈಕಿಗೆ ಕೈಚಾಚಿದರು.

“ಹಾರ ಬಾಡೋದಿಲ್ಲ, ಇರಪ್ಪಾ,” ಎಂದು ಶೇಷಮ್ಮ ಮೈಕನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. “ಇನ್ನೂ ಎಷ್ಟೋ ಜನ ಇದ್ದಾರೆ.”